ಮನೆಯವರು ಮಾಡಿದ ಗಾಯ: ಪೊಳಲಿಯ ಪುರಾಣಕಥೆ ಮತ್ತು ಶರಣರ ದಾರಿ

ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಕರಿಯಂಗಳ ಗ್ರಾಮಕ್ಕೆ ಸೇರಿದ ಪೊಳಲಿ ಇಂದು ಪಟ್ಟಣವೇನೂ ಅಲ್ಲ. ಫಲ್ಗುಣಿ ನದಿಯ ಬಳಿ, ಗದ್ದೆ ತೋಟಗಳ ನಡುವೆ ಇರುವ ಊರು. ಅಲ್ಲಿಯ ರಾಜರಾಜೇಶ್ವರಿಯ ಮೂರ್ತಿ ಕಲ್ಲಿನದಲ್ಲ, ಲೋಹದ್ದಲ್ಲ, ಮಣ್ಣಿನದು. ಆದುದರಿಂದ ಅದಕ್ಕೆ ನೀರಿನ ಅಭಿಷೇಕವಿಲ್ಲ. ಲೇಪಾಷ್ಟಗಂಧವೆಂಬ ಲೇಪನದಿಂದ ಅದನ್ನು ಕಾಲಕಾಲಕ್ಕೆ ಕಾಪಾಡಿಕೊಂಡು ಬರುತ್ತಾರೆ. ಈ ಮಣ್ಣಿನ ಮೂರ್ತಿಯನ್ನು ಮಾಡಿ ಪೂಜಿಸಿದವನು ಸುರಥ ಮಹಾರಾಜನೆಂಬುದು ಕ್ಷೇತ್ರದ ನಂಬಿಕೆ.

ಇಷ್ಟಲಿಂಗನಿಷ್ಠರಿಗೆ ಸ್ಥಾವರಕ್ಷೇತ್ರದ ಪುರಾಣ ಏತಕ್ಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಆ ಕಥೆಯೊಳಗೇ ಇದೆ. ದೇವಿಯ ಪರಾಕ್ರಮವನ್ನು ಹೇಳುವುದಕ್ಕೆಂದು ಹುಟ್ಟಿದ ಆ ಕಥೆ ರಾಕ್ಷಸರಿಂದ ಆರಂಭವಾಗುವುದಿಲ್ಲ. ಮನೆಯವರಿಂದಲೇ ಹೊರದೂಡಲ್ಪಟ್ಟ ಒಬ್ಬ ಗೃಹಸ್ಥನ ಅಳಲು ಅದರ ಮೊದಲ ಅಧ್ಯಾಯದಲ್ಲಿಯೇ ಬರುತ್ತದೆ.

ಮಾರ್ಕಂಡೇಯ ಪುರಾಣದ 13 ಅಧ್ಯಾಯಗಳು ದೇವೀಮಾಹಾತ್ಮ್ಯವೆಂದು ಪ್ರಸಿದ್ಧವಾಗಿವೆ. ಶತ್ರುಗಳಿಂದಲೂ ತನ್ನದೇ ಮಂತ್ರಿಗಳಿಂದಲೂ ರಾಜ್ಯ ಕಳೆದುಕೊಂಡ ಸುರಥನು ಬೇಟೆಯ ನೆಪದಿಂದ ಕಾಡು ಸೇರಿ ಮೇಧಸ್ಸೆಂಬ ಋಷಿಯ ಆಶ್ರಮದಲ್ಲಿ ನಿಲ್ಲುತ್ತಾನೆ. ತಾನು ಬಿಟ್ಟುಬಂದ ಆನೆ ಏನಾಯಿತೋ, ಕಷ್ಟಪಟ್ಟು ಕೂಡಿಸಿದ ಭಂಡಾರವನ್ನು ಅಯೋಗ್ಯರು ಹೇಗೆ ಕರಗಿಸುತ್ತಿರುವರೋ ಎಂಬುದೇ ಅವನ ಚಿಂತೆ. ಅಲ್ಲಿ ಅವನಿಗೆ ಸಮಾಧಿಯೆಂಬ ವೈಶ್ಯನು ಎದುರಾಗುತ್ತಾನೆ. ಸಮಾಧಿ ಸಿರಿವಂತರ ಕುಲದಲ್ಲಿ ಹುಟ್ಟಿದವನು. ಹೆಂಡತಿಯೂ ಮಕ್ಕಳೂ ಹಣದಾಸೆಯಿಂದ ಅವನ ಸೊತ್ತನ್ನು ಕಿತ್ತುಕೊಂಡು ಅವನನ್ನು ಹೊರಗಟ್ಟಿದ್ದಾರೆ. ಆದರೆ ಅವನ ನಿಜವಾದ ಸಂಕಟ ಹೊರಗಟ್ಟಿದ್ದಲ್ಲ. ಹೊರಗಟ್ಟಿದವರು ಈಗ ಕ್ಷೇಮವಾಗಿರುವರೋ ಇಲ್ಲವೋ, ಮಕ್ಕಳು ಒಳ್ಳೆಯ ದಾರಿಯಲ್ಲಿರುವರೋ ಕೆಟ್ಟ ದಾರಿ ಹಿಡಿದರೋ ಎಂದು ಅವನು ಕೊರಗುತ್ತಿದ್ದಾನೆ. ನಿನ್ನನ್ನು ಹೀಗೆ ಮಾಡಿದವರ ಮೇಲೆ ಇನ್ನೂ ಏಕೆ ಮೋಹ ಎಂದು ರಾಜನು ಕೇಳಿದಾಗ ಅವನಲ್ಲಿ ಉತ್ತರವಿಲ್ಲ. ಅವರು ಪ್ರೀತಿ ತೊರೆದರೂ ತನ್ನ ಮನಸ್ಸು ಕಠಿಣವಾಗುತ್ತಿಲ್ಲ. ಇದು ಏಕೆಂದು ತಿಳಿದೂ ತಿಳಿಯದವನಂತಾಗಿದ್ದೇನೆ ಎನ್ನುತ್ತಾನೆ.

ಇಬ್ಬರೂ ಋಷಿಯ ಮುಂದೆ ಕುಳಿತು ಇದನ್ನೇ ಕೇಳುತ್ತಾರೆ. ಋಷಿಯು ಸಮಾಧಿಯನ್ನು ಮೂರ್ಖನೆಂದು ಹಳಿಯುವುದಿಲ್ಲ. ಅವನ ಹೆಂಡತಿಯನ್ನು ಶಪಿಸುವುದೂ ಇಲ್ಲ. ಮರೆತುಬಿಡು ಎಂಬ ಸುಲಭದ ಉಪದೇಶವನ್ನಂತೂ ಕೊಡುವುದೇ ಇಲ್ಲ. ತಾವು ಹಸಿದಿದ್ದರೂ ಮರಿಗಳ ಕೊಕ್ಕಿಗೆ ಕಾಳಿಡುವ ಹಕ್ಕಿಗಳನ್ನು ತೋರಿಸುತ್ತಾನೆ. ಮನುಷ್ಯನಾದರೋ ಮುಂದೆ ತನಗೆ ಪ್ರತ್ಯುಪಕಾರವಾಗಲೆಂಬ ಆಸೆಯನ್ನೂ ಮಕ್ಕಳ ಮೇಲಿನ ಪ್ರೀತಿಯೊಂದಿಗೆ ಬೆರೆಸುತ್ತಾನೆ ಎನ್ನುತ್ತಾನೆ. ಅನಂತರ ಬರುವುದು ಮಹಾಮಾಯೆಯ ವಿಚಾರ, ಮಧುಕೈಟಭರಿಂದ ಶುಂಭನಿಶುಂಭರವರೆಗಿನ ದೀರ್ಘ ಕಥನ. ಎಲ್ಲವನ್ನೂ ಕೇಳಿದ ಮೇಲೆ ಇಬ್ಬರೂ ನದಿಯ ಮಳಲದಂಡೆಯಲ್ಲಿ ದೇವಿಯ ಮಣ್ಣಿನ ಮೂರ್ತಿಯನ್ನು ಮಾಡಿಕೊಂಡು 3 ವರ್ಷ ಆರಾಧಿಸುತ್ತಾರೆ. ಸುರಥನು ರಾಜ್ಯವನ್ನು ಬೇಡಿ ಪಡೆಯುತ್ತಾನೆ. ಸಮಾಧಿ ಬೇಡುವುದು 'ನಾನು', 'ನನ್ನದು' ಎಂಬುದನ್ನು ಕಳೆಯುವ ಜ್ಞಾನವನ್ನು.

ಇಲ್ಲೊಂದು ಮಾತನ್ನು ಗಮನಿಸಬೇಕು. ಸಮಾಧಿ ಮನೆಗೆ ಮರಳಿದನೆಂದು ಪುರಾಣ ಹೇಳುವುದಿಲ್ಲ. ಅವನ ಹೆಂಡತಿಮಕ್ಕಳು ತಮ್ಮ ತಪ್ಪನ್ನು ಅರಿತರೇ ಎಂಬುದೂ ಅಲ್ಲಿಲ್ಲ. ಅವನೊಬ್ಬನು ಗುಣವಾದನು, ಮನೆ ಗುಣವಾಗಲಿಲ್ಲ.

ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಶೋಕ ಮತ್ತು ವಿಷಣ್ಣತೆಯ ಕುರಿತ ಪ್ರಬಂಧವು ಇದೇ ಪ್ರಶ್ನೆಯ ಸುತ್ತ ಸುತ್ತುತ್ತದೆ. ಪ್ರೀತಿಪಾತ್ರರು ಕೈತಪ್ಪಿದರೆಂದು ಬುದ್ಧಿಗೆ ಗೊತ್ತು. ಮನಸ್ಸು ಮಾತ್ರ ಅವರಿಂದ ಒಮ್ಮೆಲೇ ಹಿಂದೆಗೆಯಲಾರದು. ಒಂದೊಂದೇ ನೆನಪನ್ನು ಎತ್ತಿ, ನೋಡಿ, ಇಳಿಸಬೇಕು. ಅದಕ್ಕೆ ಕಾಲ ಬೇಕು. ಪ್ರೀತಿಯೂ ಸಿಟ್ಟೂ ಒಬ್ಬರ ಮೇಲೆಯೇ ಇದ್ದು, ಆ ಸಿಟ್ಟಿಗೆ ಹೊರದಾರಿ ಸಿಗದಿದ್ದರೆ ಅದು ತನ್ನ ಮೇಲೆಯೇ ತಿರುಗುತ್ತದೆ. ಮನುಷ್ಯನು ತನ್ನನ್ನೇ ಹೀನನೆಂದು ಹಳಿದುಕೊಳ್ಳತೊಡಗುತ್ತಾನೆ. ಪುರಾಣದ ಪಾತ್ರವನ್ನು ರೋಗಿಯೆಂದು ಕರೆಯುವುದು ಉಚಿತವಲ್ಲ. ಆದರೂ, ನೋವು ಕೊಟ್ಟವರು ದೂರವಾದ ಮೇಲೂ ಅವರು ನಮ್ಮೊಳಗೆ ವಾಸವಾಗಿರುತ್ತಾರೆಂಬ ತಿಳಿವಳಿಕೆಯಲ್ಲಿ ಆಶ್ರಮದ ಋಷಿಯೂ ವಿಯೆನ್ನಾದ ವೈದ್ಯನೂ ಹತ್ತಿರಹತ್ತಿರ ನಿಲ್ಲುತ್ತಾರೆ.

ಹತ್ತಿರ ನಿಂತರೂ ಒಂದಾಗಲಿಲ್ಲ. ಧರ್ಮವನ್ನು ಫ್ರಾಯ್ಡ್ ಒಂದು ಭ್ರಮೆಯೆಂದೇ ಬಗೆದು 1927ರಲ್ಲಿ ಆ ಕುರಿತು ಗ್ರಂಥವನ್ನೇ ಬರೆದನು. ತಂದೆಯ ಆಸರೆಗಾಗಿ ಹಂಬಲಿಸುವ ಮಗುವಿನ ಮನಸ್ಸೇ ದೇವರನ್ನು ಕಲ್ಪಿಸಿಕೊಳ್ಳುತ್ತದೆ ಎಂಬುದು ಅವನ ವಾದ. ಭಾರತದಲ್ಲಿ ಮನೋವಿಶ್ಲೇಷಣೆಯನ್ನು ನೆಲೆಗೊಳಿಸಿದ ಗಿರೀಂದ್ರಶೇಖರ ಬೋಸರು 1922ರಲ್ಲಿ ಕಲ್ಕತ್ತೆಯಲ್ಲಿ ಅದರ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡನ ಎಲ್ಲ ಮಾತನ್ನೂ ಒಪ್ಪದೆ ಪತ್ರಮುಖೇನ ಅವನೊಂದಿಗೆ ಚರ್ಚಿಸಿದರು. ಮುಂದೆ ಸುಧೀರ್ ಕಕ್ಕರ್ ಅವರು 1982ರ ತಮ್ಮ ಗ್ರಂಥದಲ್ಲಿ ನಮ್ಮ ದೇಶದ ದೇವಸ್ಥಾನ, ದರ್ಗಾ, ಸಂತರ ಸನ್ನಿಧಿಗಳಲ್ಲಿ ನಡೆಯುವ ಉಪಶಮನವನ್ನು ಮನೋವಿಶ್ಲೇಷಕನ ಕಣ್ಣಿನಿಂದ, ಆದರೆ ತಿರಸ್ಕಾರವಿಲ್ಲದೆ ಪರಿಶೀಲಿಸಿದರು. ಅಂತಹ ಸ್ಥಳಗಳಿಗೆ ನೊಂದವನು ಒಬ್ಬನೇ ಹೋಗುವುದಿಲ್ಲ, ಮನೆಯವರೂ ಜೊತೆಗೆ ಹೋಗುತ್ತಾರೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಪಾಶ್ಚಾತ್ಯ ವೈದ್ಯನ ಕೊಠಡಿಯಲ್ಲಿ ಇರುವುದು ಇಬ್ಬರೇ. ಈ ವ್ಯತ್ಯಾಸ ಚಿಕ್ಕದಲ್ಲ.

ಪೊಳಲಿಗೂ ವೀರಶೈವ ಲಿಂಗಾಯತ ಪರಂಪರೆಗೂ ಇತಿಹಾಸದ ನಂಟೊಂದಿದೆ. ತುಳುನಾಡು ಬಹುಕಾಲ ಕೆಳದಿಯ ಅರಸರ ಅಧೀನದಲ್ಲಿತ್ತು. ಆ ವಂಶದ ರಾಣಿ ಚೆನ್ನಮ್ಮಾಜಿ ಪೊಳಲಿಗೆ ಬಂದು ರಥವನ್ನು ಅರ್ಪಿಸಿದಳೆಂಬ ಪ್ರತೀತಿ ಕ್ಷೇತ್ರದಲ್ಲಿ ಇದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದ ವೀರರಾಣಿಯೆಂದು ಅವಳನ್ನು ಎಲ್ಲರೂ ಬಲ್ಲರು. ಅವಳ ಮನೆಯ ಕಥೆಯನ್ನು ನೆನೆಯುವವರು ಕಡಿಮೆ.

ಚೆನ್ನಮ್ಮಾಜಿ ಅರಸುಕುಲದಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪಶೆಟ್ಟಿಯೆಂಬ ವರ್ತಕನ ಮಗಳು. ಸೋಮಶೇಖರ ನಾಯಕನು ತಾನಾಗಿ ಮೆಚ್ಚಿ ಅವಳನ್ನು ಮದುವೆಯಾದನು. ಕೆಲಕಾಲದ ಮೇಲೆ ಅವನು ಕಲಾವತಿಯೆಂಬ ನರ್ತಕಿಗೆ ಮರುಳಾದನು. ಅವಳ ಕಡೆಯ ಭರಮೆ ಮಾವುತನು ಕೊಟ್ಟ ಮದ್ದಿನಿಂದ ಅರಸನ ಬುದ್ಧಿ ಕೆಟ್ಟಿತೆಂದು ಕೆಳದಿಯ ಚರಿತ್ರೆಯನ್ನು ಹೇಳುವವರು ಹೇಳುತ್ತಾರೆ. ಮದ್ದೋ ಮೋಹವೋ, ಅರಮನೆಯ ಗಂಡಸು ಮನೆಗೆ ಪರಕೀಯನಾದನೆಂಬುದು ನಿಜ. ಸಂತಾನವಿಲ್ಲದ ರಾಜ್ಯದ ಮೇಲೆ ನೆರೆಯವರ ಕಣ್ಣು ಬಿತ್ತು. ಕೊನೆಗೆ ಸೋಮಶೇಖರನು ಕೊಲೆಯಾದನು. 1672ರಲ್ಲಿ ಅಧಿಕಾರ ವಹಿಸಿಕೊಂಡ ಚೆನ್ನಮ್ಮಾಜಿ ಸುಮಾರು 25 ವರ್ಷ ರಾಜ್ಯವಾಳಿದಳು.

ಸಮಾಧಿಯಂತೆ ಇವಳೂ ಮನೆಯವರಿಂದಲೇ ಗಾಯಗೊಂಡವಳು. ಆದರೆ ಇವಳಿಗೆ ಕಾಡಿಗೆ ಹೋಗುವ ಅವಕಾಶವಿರಲಿಲ್ಲ. ಬಸವಪ್ಪನೆಂಬ ಬಾಲಕನನ್ನು ದತ್ತು ಪಡೆದು, ಬೆಳೆಸಿ, ವಿದ್ಯೆ ಕೊಡಿಸಿದಳು. ಆ ಮಗನೇ ಮುಂದೆ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಕೆಳದಿ ಬಸವರಾಜ. ಮುರಿದ ಸಂಸಾರದ ಬೂದಿಯ ಮೇಲೆ ಇನ್ನೊಂದು ತಾಯಿಮಗನ ಸಂಬಂಧವನ್ನು ಕಟ್ಟಿದುದು ಅವಳ ಯುದ್ಧಕ್ಕಿಂತ ಕಿರಿದಾದ ಸಾಧನೆಯಲ್ಲ. ಅವಳ ಮನಸ್ಸಿನೊಳಗೆ ಏನಿತ್ತೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ರಾಣಿಯರ ಅಳಲನ್ನು ಕಲ್ಲಿನ ಮೇಲೆ ಕೊರೆಸುವ ರೂಢಿ ಇರಲಿಲ್ಲ.

ಆದರೆ ಅದೇ ನಾಡಿನ ಸಾಮಾನ್ಯ ಹೆಂಗಸರ ಅಳಲಿಗೆ ಒಂದು ಬಾಯಿ ಇತ್ತು. ಅದು ತುಳುವಿನ ಸಿರಿ ಪಾಡ್ದನ. ಸತ್ಯನಾಪುರದ ಸಿರಿ ಬಸರೂರಿನ ಕಾಂತಪೂಂಜನನ್ನು ವರಿಸುತ್ತಾಳೆ. ಅವಳ ಬಯಕೆಯ ಸೀಮಂತಕ್ಕೆಂದು ತಂದ ಸೀರೆಯನ್ನು ಗಂಡ ಮೊದಲು ತನ್ನ ಸೂಳೆಗೆ ಉಡಿಸಿರುತ್ತಾನೆ. ಸಿರಿಗೆ ಅದು ತಿಳಿಯುತ್ತದೆ. ತುಂಬಿದ ಸಭೆಯಲ್ಲಿ ಅವಳು ಆ ಸೀರೆಯನ್ನು ನಿರಾಕರಿಸುತ್ತಾಳೆ. ಮುಂದೆ ಗಂಡನನ್ನೂ ಬಿಟ್ಟು ಹೊರಡುತ್ತಾಳೆ. ಮಗ ಕುಮಾರ, ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ ಎಂದು ಕಥೆ ಬೆಳೆಯುತ್ತದೆ. ಚೆನ್ನೆಮಣೆಯ ಆಟದ ಜಗಳದಲ್ಲಿ ಆ ಅಕ್ಕತಂಗಿಯರು ಸಾಯುವಲ್ಲಿಗೆ ಮೂರು ತಲೆಮಾರಿನ ನೋವು ತುದಿ ಮುಟ್ಟುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಇದನ್ನು 1990ರ ಡಿಸೆಂಬರಿನಲ್ಲಿ ಹಾಡಿದಾಗ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಮೊದಲಾದವರು ದಾಖಲಿಸಿಕೊಂಡರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಪ್ರಕಟವಾಯಿತು.

ಪಾಡ್ದನ ಹಾಡಿಗಷ್ಟೇ ನಿಲ್ಲುವುದಿಲ್ಲ. ಹಿರಿಯಡ್ಕ, ಕವತ್ತಾರು, ನಂದಳಿಕೆ ಮೊದಲಾದ ಕಡೆ ಹುಣ್ಣಿಮೆಯ ರಾತ್ರಿ ನಡೆಯುವ ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಿರಿ, ಸೊನ್ನೆ, ಅಬ್ಬಗ, ದಾರಗರಾಗಿ ಆವೇಶಗೊಂಡು ಮಾತಾಡುತ್ತಾರೆ. ಕಾರಣ ತಿಳಿಯದ ಸಂಕಟದಿಂದ ಬಳಲುವ ಹೊಸಬಳನ್ನು ಮನೆಯವರು ಅಲ್ಲಿಗೆ ಕರೆತರುತ್ತಾರೆ. ಕುಮಾರನ ಸ್ಥಾನದಲ್ಲಿ ನಿಂತವನು ಅವಳನ್ನು ಸಾವಧಾನದಿಂದ ಪ್ರಶ್ನಿಸುತ್ತಾನೆ: ನೀನು ಯಾರು, ಏಕೆ ಬಂದೆ, ಏನು ಬೇಕು? ಅವಳು ಬಾಯಿಬಿಡುವವರೆಗೆ ಕಾಯುತ್ತಾರೆ. ಅತ್ತೆಯ ಮನೆಯಲ್ಲಿ ಸೊಸೆಯಾಗಿ ಎಂದೂ ಆಡಲಾಗದ ಮಾತು ಸಿರಿಯ ಹೆಸರಿನಲ್ಲಿ ಹೊರಬರುತ್ತದೆ, ಮನೆಯವರು ಕೇಳಲೇಬೇಕಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಅವರು 1975ರಲ್ಲಿಯೇ ಈ ಆಚರಣೆಯನ್ನು ವಿದ್ವತ್ ಲೋಕದ ಗಮನಕ್ಕೆ ತಂದರು.

ಆವೇಶ, ಮೈದುಂಬುವಿಕೆ, ಅನ್ಯದೈವಗಳ ಆರಾಧನೆಗಳನ್ನು ಶರಣರು ಒಪ್ಪಿದವರಲ್ಲ. ಏಕದೇವನಿಷ್ಠೆ ಅವರ ಧರ್ಮದ ಜೀವಾಳ. ಹಾಗೆಂದು ಸಿರಿಜಾತ್ರೆಯ ಹೆಂಗಸನ್ನು ಮೂಢಳೆಂದು ನಕ್ಕು ಮುಂದೆ ಸಾಗುವುದು ಶರಣರ ಕರುಣೆಗೆ ಸಲ್ಲುವ ಮಾತಲ್ಲ. ಕೇಳುವವರಿಲ್ಲದ ಮನೆಯಲ್ಲಿ ಅವಳಿಗೆ ಸಿಕ್ಕ ಒಂದೇ ಕಿವಿ ಅದಾಗಿರಬಹುದು. ಕೇಳಬೇಕಾದ ಪ್ರಶ್ನೆ ಬೇರೆಯದು. ಬೆಳಗಾದ ಮೇಲೆ ಅವಳು ಅದೇ ಮನೆಗೆ ಮರಳುತ್ತಾಳೆ. ತನ್ನ ಹೆಸರಿನಲ್ಲಿಯೇ, ಹಗಲಿನಲ್ಲಿಯೇ ಅವಳು ಆ ಮಾತನ್ನು ಆಡುವಂತಾಗುವುದು ಯಾವಾಗ?

12ನೆಯ ಶತಮಾನದ ಕಲ್ಯಾಣದಲ್ಲಿ ಆದುದು ಇದೇ. ಅನುಭಾವಗೋಷ್ಠಿಯಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ತಮ್ಮತಮ್ಮ ಅಂಕಿತದಲ್ಲಿ ಮಾತಾಡಿದರು. ಯಾವ ದೈವದ ಹೆಸರನ್ನೂ ಮರೆಮಾಡಿಕೊಳ್ಳಬೇಕಾಗಿರಲಿಲ್ಲ. ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಬಂದುದರ ಅರ್ಥ ಕೇವಲ ಪೂಜೆಯ ಹಕ್ಕಲ್ಲ. ಗಂಡನ ಮೂಲಕವಲ್ಲದೆ ನೇರವಾಗಿ ಶಿವನೊಡನೆ ಮಾತಾಡಬಲ್ಲವಳು ಗಂಡನೊಡನೆಯೂ ನೇರವಾಗಿ ಮಾತಾಡಬಲ್ಲಳು.

ಅಕ್ಕಮಹಾದೇವಿಯವರ ಒಂದು ವಚನವನ್ನು ಈ ದೃಷ್ಟಿಯಿಂದ ನೋಡಬೇಕು. ಗಂಡನ ಮನೆಯ ಬಂಧುಗಳನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿ, ಮಾಯೆ, ಸಂಸಾರ, ಕರ್ಮ ಮೊದಲಾದವುಗಳನ್ನು ಆಯಾ ಸ್ಥಾನದಲ್ಲಿ ಕೂರಿಸುವ ವಚನವದು. ಅಲ್ಲಿಯ ಮೂವರು ಮೈದುನರು ತ್ರಿಗುಣಗಳೆಂದೂ, ಐದರ ಎಣಿಕೆ ಇಂದ್ರಿಯಗಳದೆಂದೂ ವ್ಯಾಖ್ಯಾನಿಸುವುದುಂಟು. ಆ ಅರ್ಥ ಸರಿಯೇ. ಆದರೆ ತತ್ತ್ವಗಳಿಗೆ ಬಂಧುಗಳ ಹೆಸರನ್ನೇ ಏಕೆ ಇಟ್ಟರು? ಕೌಶಿಕನ ಅರಮನೆಯನ್ನು ಬಿಟ್ಟು ಹೊರಟ ಮೇಲೂ ಮನೆಯೊಂದು ಒಳಗೆ ಉಳಿದಿರುತ್ತದೆಂಬುದನ್ನು ಅಕ್ಕ ಬಲ್ಲರು. ಹೊಸ್ತಿಲು ದಾಟಿದ ಮಾತ್ರಕ್ಕೆ ಬಂಧನ ಕಳಚುವುದಿಲ್ಲ. ಒಳಗಿನ ಅತ್ತೆಮಾವಂದಿರನ್ನು ಗುರುತಿಸಿ ಹೆಸರಿಡಬೇಕು. ಸಮಾಧಿಯು ತಿಳಿಯದೆ ತೊಳಲಿದುದನ್ನು ಅಕ್ಕ ತಿಳಿದು ಎಣಿಸುತ್ತಾರೆ. ಮನೋವಿಶ್ಲೇಷಕರು 20ನೆಯ ಶತಮಾನದಲ್ಲಿ ಒಳಗಿನ ತಂದೆ, ಒಳಗಿನ ತಾಯಿ ಎಂದು ಆಡಿದ ಮಾತಿಗೆ ಇದು ಬಹಳ ಸಮೀಪದ್ದು. ಆದರೆ ಅಕ್ಕನ ಎಣಿಕೆ ಗಾಯದಲ್ಲಿ ಮುಗಿಯದೆ ಚೆನ್ನಮಲ್ಲಿಕಾರ್ಜುನನಲ್ಲಿ ಮುಗಿಯುತ್ತದೆ.

ಬಸವಣ್ಣನವರ ಆತ್ಮನಿಂದೆಯ ವಚನಗಳನ್ನು ಕುರಿತೂ ಒಂದು ಮಾತು ಅಗತ್ಯ. ತನ್ನ ಮನಸ್ಸಿನ ಚಾಂಚಲ್ಯವನ್ನು, ಡಂಭವನ್ನು ಅವರು ಬಿಚ್ಚಿಡುವ ಬಗೆಯನ್ನು ಕಂಡು ಇದು ವಿಷಣ್ಣ ಮನಸ್ಸಿನ ಲಕ್ಷಣವೆಂದು ಯಾರಾದರೂ ಭಾವಿಸಿದರೆ ಅದು ಅವಸರದ ತೀರ್ಮಾನ. ವಿಷಣ್ಣನಾದವನು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ, ತನಗೇ ಹೇಳಿಕೊಳ್ಳುತ್ತಾನೆ, ಅದಕ್ಕೆ ಕೊನೆಯಿಲ್ಲ. ಬಸವಣ್ಣನವರ ಮಾತಿಗೆ ಕೇಳುವವನೊಬ್ಬನಿದ್ದಾನೆ. ಕೂಡಲಸಂಗಮದೇವನಿಗೆ ನಿವೇದಿಸಿದ ತಪ್ಪು ಹಗುರಾಗುತ್ತದೆ. ಸಿಟ್ಟು ನೆರೆಯವರನ್ನು ತಲುಪುವ ಮೊದಲು ತಾನು ಹುಟ್ಟಿದ ಎಡೆಯನ್ನೇ ಸುಡುತ್ತದೆಂದು ಎಚ್ಚರಿಸಿದವರೂ ಅವರೇ.

ಮನೆಯೊಳಗಿನ ಉಪಶಮನಕ್ಕೆ ಶರಣರ ಚರಿತ್ರೆಯಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನ ಆಯ್ದಕ್ಕಿ ದಂಪತಿಗಳದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಬಂದ ಬಡವರಿವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಟ್ಟು ಜಂಗಮದಾಸೋಹ ನಡೆಸುವುದು ಲಕ್ಕಮ್ಮನವರ ಕಾಯಕ. ಒಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನವರಿಗೆ ಹೊತ್ತು ಹೋದುದೇ ತಿಳಿಯಲಿಲ್ಲ. ಕಾಯಕಕ್ಕೆ ಹೊರಡಿರೆಂದು ನೆನಪಿಸಿದವರು ಹೆಂಡತಿ. ಇನ್ನೊಮ್ಮೆ ಅವರು ದಿನದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ಕಂಡೊಡನೆ, ಈ ಆಸೆ ನಿಮ್ಮದೋ ಬಸವಣ್ಣನವರದೋ ಎಂಬ ಅರ್ಥದಲ್ಲಿ ಪ್ರಶ್ನಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಪ್ರಸಂಗವನ್ನು ಕಾಯಕತತ್ತ್ವದ ಪಾಠವೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅದು ದಾಂಪತ್ಯದ ಪಾಠವೂ ಹೌದು. ಸಮಾಧಿಯ ಮನೆಯನ್ನು ಒಡೆದುದು ಹಣದಾಸೆ. ಲಕ್ಕಮ್ಮನವರ ಮನೆಬಾಗಿಲಿಗೆ ಬಂದುದೂ ಅದೇ ಆಸೆ, ಒಂದು ಹಿಡಿ ಅಕ್ಕಿಯ ವೇಷದಲ್ಲಿ. ಅಲ್ಲಿ ಯಾರೂ ಬಾಯಿಬಿಡಲಿಲ್ಲ. ಇಲ್ಲಿ ಹೆಂಡತಿ ಆ ದಿನವೇ, ಆ ಹೊಸ್ತಿಲಲ್ಲಿಯೇ ಮಾತಾಡಿದಳು. ಆ ಮಾತಿನಲ್ಲಿ ತಿರಸ್ಕಾರವಿಲ್ಲ. ಗಂಡನೂ ಅದನ್ನು ಅವಮಾನವೆಂದು ಬಗೆಯಲಿಲ್ಲ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನನ್ನು ತಿದ್ದಿದ ಬಾಯಿಯೇ ದೇವರನ್ನು ಅವನ ಹೆಸರಿನೊಂದಿಗೆ ಕರೆಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ಮಠಮಾನ್ಯಗಳಲ್ಲಿ, ಬಂಧುಗಳ ಸಭೆಯಲ್ಲಿ 'ಕ್ಷಮಿಸಿಬಿಡು, ಹೊಂದಿಕೊಂಡು ಹೋಗು' ಎಂಬ ಮಾತು ಬಹಳ ಬೇಗ ಬರುತ್ತದೆ. ಅದು ಬಹುಪಾಲು ನೊಂದವರ ಕಡೆಗೇ ತಿರುಗಿರುತ್ತದೆ, ನೋಯಿಸಿದವರ ಕಡೆಗಲ್ಲ. ನೋವನ್ನು ಪೂರ್ತಿ ಕೇಳುವ ಮೊದಲೇ ಬೇಡುವ ಕ್ಷಮೆ ಬಾಯಿ ಮುಚ್ಚಿಸುವ ಉಪಾಯವಾಗಿಬಿಡುತ್ತದೆ. ಮೇಧಸ್ಸು ಋಷಿ ಸಮಾಧಿಯನ್ನು ಆ ಮನೆಗೆ ಹಿಂದಕ್ಕೆ ಅಟ್ಟಲಿಲ್ಲ. ಅಕ್ಕನಿಗೆ ಕೌಶಿಕನಲ್ಲಿಗೆ ಮರಳೆಂದು ಕಲ್ಯಾಣದ ಶರಣರು ಹೇಳಲಿಲ್ಲ. ಮೈಮೇಲೆ ಕೈಮಾಡುವ ಮನೆಯಿಂದ ಹೊರಬರುವವಳಿಗೆ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ ರಕ್ಷಣೆ ಇದೆ. ಅದನ್ನು ಕೋರುವುದು ಭಕ್ತಿಗೆ ಕುಂದಲ್ಲ. ಅಂತೆಯೇ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನುವವರನ್ನು ಪೂಜೆಯೊಂದರಿಂದಲೇ ಗುಣಪಡಿಸುವೆವೆಂದು ಹೊರಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೋಗಿಯೊಬ್ಬರನ್ನೇ ಅಲ್ಲದೆ ಕುಟುಂಬವನ್ನೂ ಕೂರಿಸಿಕೊಂಡು ಚಿಕಿತ್ಸೆ ನೀಡುವ ಪರಿಪಾಠವಿದೆ. ವೈದ್ಯರ ಬಳಿಗೆ ಹೋಗುವುದು ಗುರುವಿನಲ್ಲಿ ಅಪನಂಬಿಕೆಯಲ್ಲ. ಸ್ವತಃ ವೈದ್ಯರಾಗಿದ್ದ ಕೊರವಂಜಿಯ 'ರಾಶಿ', ಡಾ. ಎಂ. ಶಿವರಾಂ, ಮನಸ್ಸಿನ ವಿಚಾರವನ್ನು ಕನ್ನಡದಲ್ಲಿಯೇ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಅಂದಿನಿಂದ ಈ ವಿಷಯ ಕನ್ನಡಿಗರಿಗೆ ಪರಕೀಯವೇನಲ್ಲ.

ಮಠಗಳೂ ಸುಮ್ಮನೆ ಕುಳಿತಿಲ್ಲ. ಚಿತ್ತರಗಿ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತುದು ಧಾನ್ಯಕ್ಕಾಗಿ ಅಲ್ಲ. ಕುಡಿತವೇ ಮೊದಲಾದ ದುಶ್ಚಟಗಳನ್ನು ಅದರಲ್ಲಿ ಹಾಕಿರೆಂದು ಬೇಡಿದರು. ಕುಡುಕನನ್ನು ಬೈಯಲು ಊರಿನಲ್ಲಿ ಜನರಿಗೆ ಕೊರತೆಯಿರಲಿಲ್ಲ. ಅವನ ಮುಂದೆ ಕೈಯೊಡ್ಡಿ, ಕೊಡಬಲ್ಲ ದಾನಿಯ ಸ್ಥಾನದಲ್ಲಿ ಅವನನ್ನು ನಿಲ್ಲಿಸಿದ ಸ್ವಾಮಿಗಳು ಅಪರೂಪ. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ.

ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸದ್ಧರ್ಮ ನ್ಯಾಯಪೀಠವೆಂಬ ವ್ಯವಸ್ಥೆ ದಶಕಗಳಿಂದ ನಡೆದುಕೊಂಡು ಬಂದಿದೆ. ಸೋಮವಾರಗಳಂದು ಜಮೀನಿನ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಬೇರೆಯಾಗಿ ಬಾಳುತ್ತಿರುವ ಗಂಡಹೆಂಡಿರು, ಮಕ್ಕಳ ಮೇಲೆ ದೂರು ಹೊತ್ತ ತಂದೆತಾಯಿಯರು ಜಾತಿಮತದ ಭೇದವಿಲ್ಲದೆ ಅಲ್ಲಿಗೆ ಬರುತ್ತಾರೆ. ವಕೀಲರ ಬಾಯಿಂದಲ್ಲ, ತಮ್ಮ ಬಾಯಿಂದಲೇ ತಮ್ಮ ಅಹವಾಲನ್ನು ಹೇಳಿಕೊಳ್ಳುತ್ತಾರೆ. ಒಬ್ಬರು ಹೇಳುವಾಗ ಮತ್ತೊಬ್ಬರು ಎದುರಿಗೆ ನಿಂತು ಕೇಳಬೇಕು. ಎಷ್ಟೋ ವರ್ಷ ಒಂದೇ ಸೂರಿನಡಿ ಇದ್ದೂ ಕೇಳಿಸಿಕೊಳ್ಳದ ಮಾತು ಅದಾಗಿರುತ್ತದೆ. ಒಂದು ದಿನದಲ್ಲಿ ಬಗೆಹರಿಯದಿದ್ದರೆ ಇಬ್ಬರಿಗೂ ಮತ್ತೊಂದು ದಿನವನ್ನು ಗೊತ್ತುಮಾಡಿ ಕಳುಹಿಸಲಾಗುತ್ತದೆ.